ಮಾಲ್ಟ್ ಪಾಕ ಸಿಹಿ ಆಗವಲ್ದು, ಯಾಕ?

ಹುಬ್ಬಳ್ಳಿಯಿಂದ ಪ್ರಶ್ನೆ: ಬ್ರೆಡ್ಡಿಗೆ ಹಾಕೂ ಮಾಲ್ಟ್ ಪಾಕ, ಅಂದ್ರ ಮೊಳಕಿ ಕಾಳಿನ ಸಿಹಿ ಪಾಕ, ಮನ್ಯಾಗ ಮಾಡಬೇಕು. ಅರ್ಧ ಕಿಲೋ ಮೊಳಕಿ ಜೋಳದ ಹಿಟ್ಟಿಗೆ ಕುದಿಯೂ ನೀರು ಸುರುವಿ ಒಂದು ತಾಸು ಮುಚ್ಚಿಟ್ರ ಬರೇ ಗಂಜಿ ಆತು. ಎಲ್ಲಿ ತಪ್ಪೈತ್ರಿ?

ಧಾರವಾಡ: ಕುದಿಯೂ ನೀರ ತಪ್ಪು. ಪಿಷ್ಟಾನ್ನ ಸಕ್ಕರಿ ಮಾಡೂ ಕಿಣ್ವ ಮೊಳಕಿಯೊಳಗ ಇರ್ತಾವ. 75 ಡಿಗ್ರಿ ದಾಟಿದ್ರ ಅವು ಲಗೂನ ಸಾಯ್ತಾವ. ಆದ್ರ ಜೋಳದ ಪಿಷ್ಟ ಬೇಯಾಕ 70ರ ಆಸುಪಾಸು ಶಾಖ ಬೇಕು. ಅದಕ್ಕ ಎರಡೂ ಕೆಲಸ ಬ್ಯಾರೆ ಬ್ಯಾರೆ ಮಾಡ್ರಿ. 500 ಗ್ರಾಂ ಸಾದಾ ಜೋಳದ ಹಿಟ್ಟು, ಎರಡೂವರಿ ಲೀಟರ್ ತಣ್ಣೀರು, 2 ಚಮಚ ಮೊಳಕಿ ಗೋಧಿ ಹಿಟ್ಟು ಗಂಟಿಲ್ಲದಂಗ ಕಲಸಿ, ಸಣ್ಣ ಉರಿ ಮ್ಯಾಲ ಕೈಯಾಡಿಸ್ಕೋತ ಕುದಿಸ್ರಿ. ಆ 2 ಚಮಚ ಮರೀಬ್ಯಾಡ್ರಿ, ಇಲ್ಲಂದ್ರ ಸೌಟು ನಿಲ್ಲೂವಷ್ಟು ಗಟ್ಟಿ ಆಕ್ಕೈತಿ. 20 ನಿಮಿಷ ಬೇಯಿಸಿ, 65 ಡಿಗ್ರಿಗೆ ಇಳಿದ ಮ್ಯಾಲ 150 ಗ್ರಾಂ ಮೊಳಕಿ ಗೋಧಿ ಹಿಟ್ಟು ಕಲಸ್ರಿ. ಬೋಗಾಣಿಗೆ ಕಂಬಳಿ ಸುತ್ತಿ ಒಂದೂವರಿ ತಾಸು ಬಿಡ್ರಿ. ಥರ್ಮಾಮೀಟರ್ ಬೇಕ ಬೇಕು, ಬೆರಳಿನ ಅಂದಾಜು ನಡ್ಯೂದಿಲ್ಲ.

ಗದಗ: ಆತೋ ಇಲ್ಲೋ ನೋಡಾಕ ಬಿಳಿ ಬಟ್ಟಲದಾಗ ಒಂದು ಚಮಚ ತಿಳಿ ಆರಿಸಿ, ಗಾಯಕ್ಕ ಹಚ್ಚೂ ಅಯೋಡಿನ್ ಒಂದು ಹನಿ ಬಿಡ್ರಿ. ನೀಲಿ-ಕಪ್ಪಾದ್ರ ಪಿಷ್ಟ ಉಳದೈತಿ, ಇನ್ನರ್ಧ ತಾಸು ಬಿಡ್ರಿ. ಅಯೋಡಿನ್ನಿನ ಕಂದು ಬಣ್ಣ ಬದಲಾಗದಿದ್ರ ಸಾಕು. ಆ ಬಟ್ಟಲದಾಗಿಂದು ಚೆಲ್ರಿ.

ಹಾವೇರಿ: ಅಣ್ಣಾರ, ಮೊಳಕಿಗೆ ಜೋಳ ಬಿಟ್ಟು ಗೋಧಿ ತಗೊಳ್ರಿ. ಜೋಳದ ಮೊಳಕಿ, ಬೇರಿನಾಗ ಧುರಿನ್ ಅಂತ ಇರ್ತೈತಿ, ಅದರಿಂದ ಸೈನೈಡ್ ಬಿಡ್ತೈತಿ. ಒಣಗಿಸಿದ್ರೂ ಹೋಗೂದಿಲ್ಲ. ಎಳೀ ಜೋಳದ ಬೆಳಿಗೆ ದನಾ ಬಿಡಬಾರ್ದು ಅನ್ನೂದು ಇದಕ್ಕ. ಜೋಳಾನ ಮೊಳಿಸಿದ್ರ ಬೇರು, ಮೊಳಕಿ ಎಲ್ಲಾ ತಿಕ್ಕಿ, ಕೇರಿ ತಗೀಬೇಕು. ಗೋಧಿಗೆ ಈ ತ್ರಾಸಿಲ್ಲ. 10-12 ತಾಸು ನೆನಸಿ, ನಡುವ ನೀರು ಬದಲಿಸಿ, ಒದ್ದಿ ಅರಿವಿಯೊಳಗ ಎರಡು-ಮೂರು ದಿನ. ಮೊಳಕಿ ಕಾಳಿನಷ್ಟುದ್ದ ಆದ್ರ ನಿಲ್ಲಿಸಿ, ತೆಳ್ಳಗ ಹರವಿ ಕಟಕಟ ಅನ್ನೂತನಕ ಬಿಸಿಲಿಗೆ ಒಣಗಿಸಿ ಬೀಸ್ರಿ. ಹಂಚಿನ ಮ್ಯಾಲ ಹುರದ್ರ ಘಮಾ ಬರ್ತೈತಿ, ಕಿಣ್ವ ಹೋಕ್ಕೈತಿ. ಏಪ್ರಿಲ್ ಬಿಸಿಲಾಗ ಮೊಳಕಿ ಬರೂವಾಗ ರಾಶಿ ಕಾದು ಮುಗ್ಗಲು ವಾಸನಿ ಹೊಡೀತೈತಿ, ದಿನಕ್ಕ ಮೂರು ಸಲ ತೊಳದು ಹರವ್ರಿ. ಬೂಸ್ಟು ಬಂದ್ರ ಪೂರಾ ಚೆಲ್ಲೂದ. ಔಷಧ ಹಚ್ಚಿದ ಬಿತ್ತನಿ ಬೀಜ ಯಾವ ಕಾರಣಕ್ಕೂ ಬ್ಯಾಡ್ರಿ. ಕಿರಾಣಿ ಅಂಗಡ್ಯಾಗಿನ ಬಿಳಿ ಬಾರ್ಲಿ ಸಿಪ್ಪಿ ತಗದಿದ್ದು, ಮೊಳಕಿ ಬರೂದು ಕಷ್ಟ.

ಧಾರವಾಡ: ಸೋಸೂವಾಗ ಹಿಂಡಬ್ಯಾಡ್ರಿ, ಗಸಿ ಇಳೀತೈತಿ. ಅರಿವಿ ಕಟ್ಟಿ ತೂಗಹಾಕ್ರಿ. ತಿಳಿ ಮೊದ್ಲ ಜೋರು ಉರಿ ಮ್ಯಾಲ ಬತ್ತಲಿ, ಕಾಲು ಭಾಗ ಉಳದಾಗ ಉರಿ ಸಣ್ಣ ಮಾಡ್ರಿ. ತಳಾ ಹಿಡಿಯೂದು ಅಲ್ಲೇ. ಜೋನಿ ಬೆಲ್ಲದಂಗ ಬಂದ್ರ ಇಳಿಸ್ರಿ. ತೆಳ್ಳಗ ಉಳದ್ರ ವಾರದಾಗ ಬುರುಗು ಬಂದು ಹುಳಿ ಆಕ್ಕೈತಿ.

ಗದಗ: ಹಂಗ ಬುರುಗು ಬಂದಿದ್ದನ್ನ ಬಟ್ಟಿ ಇಳಿಸಿ ವಿಸ್ಕಿ ಮಾಡೋಣೇನ್ರಿ ಅಂತ ಯಾರರ ಕೇಳೇ ಕೇಳ್ತಾರ. ಲೈಸೆನ್ಸ್ ಇಲ್ಲದ ಮನ್ಯಾಗ ಬಟ್ಟಿ ಇಳಿಸೂದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಸೋಸಿ ಉಳದ ಚರಟಾ ಮಾತ್ರ ಅವತ್ತಽ ಎಮ್ಮಿಗೆ ಹಾಕ್ರಿ, ಮರುದಿನಕ್ಕ ಹುಳಿ ನಾತ ಬರ್ತೈತಿ.