ಮೇಳಕ್ಕೆ ಟಗರು, ಹೋತ ತಯಾರಿ: ಪಶುವೈದ್ಯರನ್ನು ಕೇಳಿ

ಅಡ್ಮಿನ್: ಕೃಷಿ ಮೇಳದ ಪ್ರದರ್ಶನಕ್ಕೆ ಮರಿ ಸಾಕ್ತಿರೋರು ಇಲ್ಲಿ ಕೇಳಿ. ವಯಸ್ಸು, ತೂಕ, ತಿಂಡಿ ಬರೀರಿ. ಫಾರ್ವರ್ಡ್ ಹಾಕ್ಬೇಡಿ.

ಮದ್ದೂರು: ನಮಸ್ಕಾರ ಸಾರ್. ಆರು ತಿಂಗಳ ಬಂಡೂರು ತಳಿ ಟಗರು, 20 ಕೆಜಿ. ಮೇಳಕ್ಕೆ ಏಳು ವಾರ ಇದೆ. ದಿನಾ ಎಷ್ಟು ಓಡಿಸ್ಬೇಕು?

ಡಾಕ್ಟ್ರು: ಓಡಿಸ್ಬೇಡಿ, ನಡೆಸಿ. ಬಂಡೂರಿನ ಅಂದ ಇರೋದೇ ಗಿಡ್ಡ ಕಾಲು, ತುಂಬಿದ ತೊಡೆಯಲ್ಲಿ. ಹಿಂದಿನಿಂದ ನೋಡಿದ್ರೆ ಬಾಯಿ ಕೆಳಗಾದ ಲಾಳದ ಹಾಗೆ ಕಾಣ್ಬೇಕು. ಓಡಿಸಿದ್ರೆ ಆ ತೊಡೆಯೇ ಕರಗುತ್ತೆ. ಮೊದಲ ವಾರ ಹತ್ತು ನಿಮಿಷ, ಆಮೇಲೆ ಎರಡು ದಿನಕ್ಕೊಮ್ಮೆ ಎರಡು ಮೂರು ನಿಮಿಷ ಏರಿಸಿ, ಅರ್ಧ ಗಂಟೆಗೆ ನಿಲ್ಲಿಸಿ. ಬೆಳಿಗ್ಗೆ ಏಳರೊಳಗೆ, ತಿಂಡಿಗೆ ಮುಂಚೆ. ಉತ್ತ ಹೊಲ ಅಥವಾ ಸಣ್ಣ ಏರು ಒಳ್ಳೇದು. ಟಾರ್ ರಸ್ತೇಲಿ ಗೊರಸು ಸವೆದು ಕುಂಟುತ್ತೆ. ಕೊನೇಲಿ ಎದೆಗೆ ಕೈ ಕೊಟ್ಟು ಹತ್ತು ಹೆಜ್ಜೆ ಹಿಂದಕ್ಕೆ ನಡೆಸಿ, ತೊಡೆ ಗಟ್ಟಿಯಾಗುತ್ತೆ. ಬಾಯಿ ಬಿಟ್ಟು ಏದುಸಿರು ಬಂತೋ, ಅಲ್ಲಿಗೆ ಸಾಕು.

ಕುಷ್ಟಗಿ: ನಮ್ಮ ಕೆಂಗುರಿ ತಳಿ ಕುರಿ ದಿನಾ ಹತ್ತು ಕಿಲೋಮೀಟರ್ ಮೇಯ್ಕೋತ ಅಡ್ಡಾಡ್ತಾವ್ರೀ. ಅದಕ್ಯಾವ ವ್ಯಾಯಾಮ?

ಡಾಕ್ಟ್ರು: ಬೇಕಿಲ್ಲ. ಕೊಟ್ಟಿಗೇಲಿ ಕಟ್ಟಿ ಮೇಯಿಸೋ ಮರಿಗೆ ಮಾತ್ರ ಇದು.

ತಿ. ನರಸೀಪುರ: ಬಂಡೂರು ಅಲ್ಲ ಸ್ವಾಮಿ, ಬನ್ನೂರು. ನಮ್ಮ ತಾಲ್ಲೂಕಿನ ಕುರಿ.

ಮಳವಳ್ಳಿ: ಬಂಡೂರು ಅಂತ ಊರೇ ಇದೆ ನಮ್ಮ ತಾಲ್ಲೂಕಲ್ಲಿ. ಬಂದು ನೋಡ್ಕೊಂಡು ಹೋಗಿ.

ತಿ. ನರಸೀಪುರ: ಸಂತೆ ನಡೆದಿದ್ದು ಎಲ್ಲಿ ಅಂತ ಅಜ್ಜಂದಿರನ್ನ ಕೇಳಿ.

ಚನ್ನಪಟ್ಟಣ: ಸಾರ್, ಎಂಟು ತಿಂಗಳ ಟಗರು, ಮೂರು ತಿಂಗಳಿದ್ದಾಗ್ಲೇ ಬೀಜ ಒಡೆಸಿದ್ದು. ಬೂಸಾ, ಮುಸುಕಿನ ಜೋಳ ಸೇರಿ ಅರ್ಧ ಕೆಜಿ ಕೊಡ್ತಿದೀವಿ. ನಿನ್ನೆ ನಡೆಸಿದ ಮೇಲೆ ಬೆನ್ನು ಗೂನು ಮಾಡ್ಕೊಂಡು ನಿಲ್ಲುತ್ತೆ, ತಿಣುಕುತ್ತೆ, ಹಲ್ಲು ಕಡಿಯುತ್ತೆ. ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಿದ್ವಿ. ನಡಿಗೆ ಜಾಸ್ತಿ ಆಯ್ತಾ?

ಡಾಕ್ಟ್ರು: ಮಿಕ್ಕವರು ಸ್ವಲ್ಪ ಸುಮ್ಮನಿರಿ. ಮೂತ್ರ ಹೊಯ್ದಿದ್ದು ಯಾವಾಗ?

ಚನ್ನಪಟ್ಟಣ: ಹನಿ ಹನಿ ಬೀಳುತ್ತೆ ಸಾರ್.

ಡಾಕ್ಟ್ರು: ಇದು ಮಲಬದ್ಧತೆ ಅಲ್ಲ, ಮೂತ್ರನಾಳದಲ್ಲಿ ಕಲ್ಲು. ಶಿಶ್ನದ ಮುಂದೊಗಲಿನ ಬಾಯಿ ಹತ್ರದ ಕೂದಲು ಬೆರಳಲ್ಲಿ ಉಜ್ಜಿ, ಮರಳಿನ ಹಾಗೆ ಸಿಕ್ಕಿದ್ರೆ ಅನುಮಾನವೇ ಬೇಡ. ಬೂಸಾದಲ್ಲಿ ರಂಜಕ (ಫಾಸ್ಫರಸ್) ವಿಪರೀತ, ಸುಣ್ಣದಂಶ (ಕ್ಯಾಲ್ಸಿಯಂ) ಕಡಿಮೆ. ತಿಂಡಿಯಲ್ಲಿ ರಂಜಕದ ಎರಡರಷ್ಟು ಸುಣ್ಣದಂಶ ಇರ್ಬೇಕು. ಚಿಕ್ಕ ವಯಸ್ಸಲ್ಲಿ ಬೀಜ ಒಡೆದ್ರೆ ನಾಳ ಸಣ್ಣದಾಗೇ ಉಳಿಯುತ್ತೆ, ಮರಳು ಅಲ್ಲಿ ಸಿಕ್ಕಿಕೊಳ್ಳುತ್ತೆ. ಮೂತ್ರ ಬರಿಸೋ ಇಂಜೆಕ್ಷನ್ ಯಾರು ಹೇಳಿದ್ರೂ ಬೇಡ, ದಾರಿ ಕಟ್ಟಿರುವಾಗ ಮೂತ್ರಕೋಶ ಒಡೆಯುತ್ತೆ. ಒಡೆದ ಮೇಲೆ ನೋವು ಇಳಿದು ಒಂದು ದಿನ ಚೆನ್ನಾಗಿ ಕಾಣುತ್ತೆ, ಆಮೇಲೆ ಹೊಟ್ಟೆ ಊದಿ ಸಾಯುತ್ತೆ. ಶಿಶ್ನದ ತುದಿಯಲ್ಲಿ ದಾರದಂಥ ಭಾಗ ಇರುತ್ತೆ, ಎಷ್ಟೋ ಸಲ ಕಲ್ಲು ಅಲ್ಲೇ ನಿಂತಿರುತ್ತೆ. ಅದನ್ನ ವೈದ್ಯರೇ ಕತ್ತರಿಸ್ಬೇಕು, ನೀವಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗೋವರೆಗೆ ಕಾಯ್ಬೇಡಿ.

ಕನಕಪುರ: ಸಾರ್ ದಿನಾ ಎಷ್ಟು ಓಡಿಸ್ಬೇಕು?

ಡಾಕ್ಟ್ರು: ಮೇಲೆ ಓದಿ.

ತುಮಕೂರು: *ಫಾರ್ವರ್ಡ್:* ಹದಿನೈದೇ ದಿನದಲ್ಲಿ ಟಗರು ದಪ್ಪ! ಬಿಯರ್ ಒಂದು ಲೋಟ, ಹಸಿ ಮೊಟ್ಟೆ ಎರಡು, ಹಸುವಿನ ಮಿನರಲ್ ಮಿಕ್ಸ್ಚರ್ ಎರಡು ಚಮಚ, ಗೊಟ್ಟದಲ್ಲಿ ಹುಯ್ಯಿರಿ.

ಡಾಕ್ಟ್ರು: ಅಡ್ಮಿನ್, ಮೊದಲ ಸಾಲಲ್ಲೇ ಬರೆದಿದ್ರಲ್ಲ? ಹಸುವಿನ ಮಿಕ್ಸ್ಚರ್‌ನಲ್ಲಿರೋ ತಾಮ್ರ ಕುರಿಯ ಯಕೃತ್ತಿನಲ್ಲಿ ವಾರಗಟ್ಟಲೆ ಕೂಡಿಕೊಂಡು ಒಂದು ದಿನ ಒಮ್ಮೆಗೇ ರಕ್ತಕ್ಕೆ ಬೀಳುತ್ತೆ. ಕಣ್ಣು ಹಳದಿ, ಮೂತ್ರ ಕೆಂಪು, ಎರಡು ಮೂರು ದಿನದಲ್ಲಿ ಮುಗೀತು. ಗೊಟ್ಟದಲ್ಲಿ ಅವಸರವಾಗಿ ಹುಯ್ದಿದ್ದು ಶ್ವಾಸಕೋಶಕ್ಕೆ ಹೋಗುತ್ತೆ. ಕುರಿಗೆ ಕುರಿಯದೇ ಮಿಕ್ಸ್ಚರ್.

ತುಮಕೂರು: ನಮ್ಮೂರಲ್ಲಿ ಎಲ್ರೂ ಕೊಡ್ತಾರೆ, ಯಾವುದೂ ಸತ್ತಿಲ್ಲ.

ಮಳವಳ್ಳಿ: ಸತ್ತಿದ್ದನ್ನ ದೃಷ್ಟಿ ತಾಕ್ತು ಅಂತ ಹೇಳಿರ್ತೀರ.

ತುಮಕೂರು: ನಿಮ್ಮನ್ನ ಕೇಳಿಲ್ಲ.

ಹಾಸನ: ಹೋತನ ಕೊಂಬಿಗೆ ಯಾವ ಎಣ್ಣೆ ಹಚ್ಬೇಕು?

ಶಿರಾ: ತೂಕ ಸಾಲದು. ಜೋಳ ಒಂದೇ ಸಲ ಅರ್ಧ ಕೆಜಿ ಮಾಡ್ಲಾ?

ಡಾಕ್ಟ್ರು: ಬೇಡ. ಹೊಟ್ಟೆಯಲ್ಲಿ ಹುಳಿಯೇರಿ ಮಲಗಿಬಿಡುತ್ತೆ. ಮೂರು ನಾಲ್ಕು ದಿನಕ್ಕೆ 50 ಗ್ರಾಂ ಏರಿಸಿ, ಎರಡು ಹೊತ್ತಿಗೆ ಹಂಚಿ, ಮೊದಲು ಒಣಹುಲ್ಲು. ಕಾಳು ಹೆಚ್ಚಾದ್ರೆ ಬರೋ ಕರುಳುಬೇನೆಗೆ ಲಸಿಕೆ ಹಾಕ್ಸಿದೀರಾ?

ಶಿರಾ: ಇಲ್ಲ.

ಡಾಕ್ಟ್ರು: ಮೊದಲು ಅದು. ಆಮೇಲೆ ಜೋಳ.

ಮಂಡ್ಯ: ಸಾರ್ ಎಷ್ಟು ನಿಮಿಷ ಓಡಿಸ್ಬೇಕು?

ಮದ್ದೂರು: ಅಯ್ಯೋ, ಮೇಲೆ ಓದ್ರಪ್ಪ.

ತಿ. ನರಸೀಪುರ: ಬನ್ನೂರು ಅಂತ ಒಪ್ಕೊಂಡ್ರಾ?

ಚನ್ನಪಟ್ಟಣ: ಸಾರ್, ಆಸ್ಪತ್ರೆಯಲ್ಲಿ ತುದಿ ಕತ್ತರಿಸಿದ್ರು, ಮೂತ್ರ ಬಂತು. ತುಂಬಾ ಉಪಕಾರ ಆಯ್ತು. ಮೇಳಕ್ಕೆ ಕರ್ಕೊಂಡು ಹೋಗ್ಬೋದಾ?

ಡಾಕ್ಟ್ರು: ಈ ವರ್ಷ ಬಿಡಿ. ನಾಳದಲ್ಲಿ ಇನ್ನೂ ಮೇಲೆ ಕಲ್ಲು ಇರ್ಬೋದು. ನೀರು ಸದಾ ಮುಂದಿರಲಿ, ತಿಂಡಿಗೆ ಉಪ್ಪು ಸೇರಿಸಿ. ಬೂಸಾ ನಿಲ್ಸಿದ್ರಾ?

ಚನ್ನಪಟ್ಟಣ: ಅರ್ಧ ಮೂಟೆ ಉಳಿದಿದೆ ಸಾರ್, ಅದು ಮುಗಿದ ಮೇಲೆ.