ಆಕಳಿಸಿದಾಗಲೆಲ್ಲ ಜಾರುವ ದವಡೆ ಕೀಲು: ಆಪರೇಷನ್‌ಗೆ ಮೊದಲು ಏನು ಮಾಡಬಹುದು?

ಪ್ರಶ್ನೆ:
ನಮಸ್ಕಾರ ಡಾಕ್ಟರೇ. ನನ್ನ ತಾಯಿಗೆ 61 ವರ್ಷ. ಕಳೆದ ವರ್ಷದಿಂದ ಆಕಳಿಸುವಾಗ ಅವರ ಕೆಳದವಡೆ ಜಾರಿ, ತೆರೆದ ಬಾಯಿ ಮುಚ್ಚಲಾಗದೆ ಹಾಗೆಯೇ ನಿಂತುಬಿಡುತ್ತದೆ. ಮೊದಲು ಅಪರೂಪಕ್ಕೆ ಆಗುತ್ತಿದ್ದದ್ದು ಈಗ ತಿಂಗಳಿಗೆ ಎರಡು ಮೂರು ಸಲ ಆಗುತ್ತಿದೆ. ಪ್ರತಿ ಸಲವೂ ಆಸ್ಪತ್ರೆಗೆ ಕರೆದೊಯ್ದು ಸರಿಪಡಿಸಿಕೊಂಡು ಬರುತ್ತೇವೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೃದಯದ ತೊಂದರೆಗಾಗಿ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಒಬ್ಬ ವೈದ್ಯರು ಮೂಳೆ ಕೆತ್ತುವ ಆಪರೇಷನ್ ಆಗಬೇಕು ಎಂದರು. ಇನ್ನೊಬ್ಬರು, ಅಮ್ಮನ ರಕ್ತವನ್ನೇ ತೆಗೆದು ಕೀಲಿಗೆ ಚುಚ್ಚಿದರೆ ಸಾಕು ಎಂದರು. ಇದು ನಿಜವಾಗಿಯೂ ಒಪ್ಪಿತವಾದ ಚಿಕಿತ್ಸೆಯೇ?

ಉತ್ತರ (ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಾ ತಜ್ಞರು):
ಒಪ್ಪಿತವಾದ ಚಿಕಿತ್ಸೆಯೇ. 1964ರಲ್ಲಿಯೇ ಬ್ರಾಖ್‌ಮನ್ ಎಂಬುವರು ಇದನ್ನು ವರದಿ ಮಾಡಿದ್ದರು. ನಡುವೆ ಹಲವು ವರ್ಷ ಹಿಂದೆ ಸರಿದಿದ್ದ ಈ ವಿಧಾನವನ್ನು ಈಗ ಅನೇಕ ಕಡೆ, ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ, ಮಾಡುತ್ತಾರೆ.

ಕೆಳದವಡೆಯ ಮೂಳೆಯ ಗುಂಡನೆಯ ತಲೆ ಕಿವಿಯ ಮುಂದಿರುವ ಒಂದು ಗುಳಿಯಲ್ಲಿ ಕೂತಿರುತ್ತದೆ, ಆ ಗುಳಿಯ ಮುಂದೆ ತಲೆಬುರುಡೆಯ ಒಂದು ಉಬ್ಬು ಇದೆ. ಬಾಯಿ ತೆರೆದಾಗ ಈ ತಲೆ ಉಬ್ಬಿನ ಕೆಳಗೆ ಜಾರಿಬರುವುದು ಸಹಜ. ಆದರೆ ಅದು ಉಬ್ಬನ್ನು ದಾಟಿ ಮುಂದೆ ಹೋದಾಗ, ಅಗಿಯುವ ಸ್ನಾಯುಗಳು ಬಿಗಿದುಕೊಂಡು ಅದನ್ನು ಮೇಲಕ್ಕೆ ಎಳೆದು ಅಲ್ಲಿಯೇ ಸಿಕ್ಕಿಸಿಬಿಡುತ್ತವೆ. ಪ್ರತಿ ಸಲ ಜಾರಿದಾಗಲೂ ಕೀಲನ್ನು ಸುತ್ತುವರಿದ ಪೊರೆ ಮತ್ತು ಅಸ್ಥಿರಜ್ಜುಗಳು ಇನ್ನಷ್ಟು ಸಡಿಲವಾಗುತ್ತವೆ. ನಿಮ್ಮ ತಾಯಿಯವರಿಗೆ ಈಚೆಗೆ ಹೆಚ್ಚು ಸಲ ಆಗುತ್ತಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣವಿರಬೇಕು.

ರಕ್ತದ ಚುಚ್ಚುಮದ್ದು ಈ ಸಡಿಲತೆಯನ್ನೇ ಗುರಿಯಾಗಿಸುತ್ತದೆ. ಕಿವಿಯ ಮುಂದಿನ ಭಾಗವನ್ನು ಮರಗಟ್ಟಿಸಿ, ಸೂಜಿಯ ಮೂಲಕ ಕೀಲಿನ ಮೇಲಿನ ಕೋಣೆಯನ್ನು ಸಲೈನ್‌ನಿಂದ ತೊಳೆಯುತ್ತಾರೆ. ಬಳಿಕ ತೋಳಿನ ರಕ್ತನಾಳದಿಂದ ಆಗಷ್ಟೇ ತೆಗೆದ ರಕ್ತದಲ್ಲಿ ಸುಮಾರು 2 ಮಿ.ಲೀ. ಕೀಲಿನ ಒಳಗೆ, ಸುಮಾರು 1 ಮಿ.ಲೀ. ಪೊರೆಯ ಸುತ್ತ ಹಾಕುತ್ತಾರೆ. ಎರಡೂ ಕಡೆ ಜಾರುತ್ತಿದ್ದರೆ ಎರಡೂ ಕಡೆ ಹೀಗೆಯೇ. ಆ ರಕ್ತ ಹೆಪ್ಪುಗಟ್ಟಿ, ಸುತ್ತ ಊತ ಬಂದು, ಮುಂದಿನ ವಾರಗಳಲ್ಲಿ ಅಲ್ಲಿ ನಾರಿನಂತಹ ಗಾಯದ ಅಂಗಾಂಶ ಬೆಳೆಯುತ್ತದೆ ಮತ್ತು ಮೂಳೆಯ ತಲೆ ಮೊದಲಿನಷ್ಟು ದೂರ ಜಾರಲು ಬಿಡುವುದಿಲ್ಲ. ಪೂರ್ಣ ಅರಿವಳಿಕೆಯೂ ಬೇಕಿಲ್ಲ, ಚರ್ಮದ ಮೇಲೆ ಕೊಯ್ತವೂ ಇಲ್ಲ.

ಆದರೆ ಚಿಕಿತ್ಸೆ ಸೂಜಿ ಹೊರತೆಗೆದಾಗ ಮುಗಿಯುವುದಿಲ್ಲ ಎಂಬುದನ್ನು ನಾನು ರೋಗಿಗಳಿಗೆ ಒತ್ತಿ ಹೇಳುತ್ತೇನೆ. ಅನಂತರದ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಗಲ್ಲದಿಂದ ನೆತ್ತಿಗೆ ಕಟ್ಟುವ ಬ್ಯಾಂಡೇಜ್ ಅಥವಾ ಹಲ್ಲುಗಳಿಗೆ ಹಾಕುವ ರಬ್ಬರ್ ಬ್ಯಾಂಡ್‌ಗಳಿಂದ ಬಾಯಿ ಅಗಲವಾಗಿ ತೆರೆಯದಂತೆ ನೋಡಿಕೊಳ್ಳಬೇಕು. ಗಂಜಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ ಆಗಬಹುದು. ಸಕ್ಕರೆ ಕಾಯಿಲೆ ಇರುವುದರಿಂದ ಈ ದಿನಗಳ ಊಟ ಮತ್ತು ಔಷಧಿಯ ಪ್ರಮಾಣವನ್ನು ಮೊದಲೇ ವೈದ್ಯರೊಂದಿಗೆ ಮಾತನಾಡಿ ಹೊಂದಿಸಿಕೊಳ್ಳಿ. ಮುದ್ದೆಯ ದೊಡ್ಡ ತುತ್ತು, ಚಕ್ಕುಲಿ, ಕಬ್ಬು ಇವೆಲ್ಲ ಬೇಡ. ಚೆನ್ನಾಗಿ ಚುಚ್ಚಿಸಿಕೊಂಡು, ಮೂರನೆಯ ದಿನ ಬ್ಯಾಂಡೇಜ್ ಬಿಚ್ಚಿ, ಮತ್ತೆ ಜಾರಿಸಿಕೊಂಡು ಬಂದವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ನೋವು ಮತ್ತು ಊತ ಕೆಲವು ದಿನ ಇರುತ್ತವೆ. ಮರಗಟ್ಟಿಸುವ ಔಷಧಿಯಿಂದ ಆ ಬದಿಯ ರೆಪ್ಪೆ ಕೆಲವು ಗಂಟೆ ಸರಿಯಾಗಿ ಮುಚ್ಚದಿರಬಹುದು, ಅದು ತಾನಾಗಿ ಸರಿಹೋಗುತ್ತದೆ. ಒಂದೇ ಸಲಕ್ಕೆ ಎಲ್ಲರಿಗೂ ಗುಣವಾಗುವುದಿಲ್ಲ, ಕೆಲವರಿಗೆ ಮತ್ತೊಮ್ಮೆ ಬೇಕಾಗುತ್ತದೆ. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸೋಂಕಿನ ಅಪಾಯ ತಗ್ಗಲು ಸಕ್ಕರೆ ಹತೋಟಿಯಲ್ಲಿರಲಿ.

ಮೂಳೆ ಕೆತ್ತುವ ಆಪರೇಷನ್ ತಪ್ಪು ಸಲಹೆಯಲ್ಲ. 1951ರಲ್ಲಿ ಮಿರ್‌ಹಾಗ್ ವಿವರಿಸಿದ ಆ ವಿಧಾನದಲ್ಲಿ ಉಬ್ಬನ್ನೇ ತೆಗೆದು, ಮೂಳೆಯ ತಲೆ ಸಿಕ್ಕಿಕೊಳ್ಳದೆ ಹಿಂದಕ್ಕೆ ಬರುವಂತೆ ಮಾಡುತ್ತಾರೆ. ಆದರೆ ಅದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಹಣೆ ಮತ್ತು ರೆಪ್ಪೆಗೆ ಹೋಗುವ ಮುಖದ ನರ ಕೊಯ್ಯುವ ಜಾಗದ ಹತ್ತಿರವೇ ಹಾದುಹೋಗುತ್ತದೆ. ಹೃದಯದ ತೊಂದರೆಯಿರುವ, ಸಕ್ಕರೆ ಕಾಯಿಲೆಯ 61ರ ತಾಯಿಗೆ ನಾನಾದರೆ ಮೊದಲು ರಕ್ತದ ಚುಚ್ಚುಮದ್ದನ್ನೇ ಮಾಡಿ ನೋಡುತ್ತೇನೆ. ಅದು ಫಲಿಸದಿದ್ದರೂ ಆಪರೇಷನ್‌ನ ದಾರಿ ಮುಚ್ಚುವುದಿಲ್ಲ.

ಮರುಪ್ರಶ್ನೆ:
ತುಂಬ ಉಪಕಾರವಾಯಿತು ಡಾಕ್ಟರೇ. ಒಳಗೆ ಗಾಯದ ಅಂಗಾಂಶ ಬೆಳೆಯುತ್ತದೆ ಎಂದಿರಿ. ಹಾಗಾದರೆ ಕೀಲು ಪೂರ್ತಿ ಬೆಸೆದುಕೊಂಡು, ಬಾಯಿಯೇ ತೆರೆಯದಂತಾಗುವ ಭಯವಿಲ್ಲವೇ? ಬೊಟಾಕ್ಸ್ ಕೊಡಬಹುದೆಂದೂ ಒಬ್ಬರು ಹೇಳಿದರು.

ಉತ್ತರ:
ನಿಮ್ಮ ಅನುಮಾನ ನಿರಾಧಾರವಲ್ಲ. ಪೆಟ್ಟು ಬಿದ್ದು ಮೂಳೆ ಮುರಿದು, ಕೀಲಿನಲ್ಲಿ ರಕ್ತ ತುಂಬಿ, ದವಡೆ ಬಹುಕಾಲ ಅಲುಗಾಡದೆ ಉಳಿದರೆ, ಅದರಲ್ಲಿಯೂ ಮಕ್ಕಳಲ್ಲಿ, ಕೀಲು ಬೆಸೆದುಕೊಳ್ಳುವುದುಂಟು. ಇಲ್ಲಿ ಮೂಳೆ ಮುರಿದಿರುವುದಿಲ್ಲ, ರಕ್ತದ ಪ್ರಮಾಣ ಕಡಿಮೆ, ಬ್ಯಾಂಡೇಜಿನ ಅವಧಿಗೂ ಮಿತಿಯಿದೆ. ಆ ಅವಧಿ ಮುಗಿದ ಮೇಲೆ ವೈದ್ಯರು ಹೇಳಿಕೊಡುವ ಬಾಯಿ ತೆರೆಯುವ ವ್ಯಾಯಾಮವನ್ನು ತಪ್ಪದೆ, ಸ್ವಲ್ಪಸ್ವಲ್ಪವಾಗಿ ಆರಂಭಿಸಬೇಕೆನ್ನುವುದು ಇದಕ್ಕಾಗಿಯೇ. ಬಾಯಿ ಮೊದಲಿಗಿಂತ ತುಸು ಕಡಿಮೆ ತೆರೆಯುವುದು ಈ ಚಿಕಿತ್ಸೆಯ ಉದ್ದೇಶವೇ ಆಗಿದೆ.

ಬೊಟಾಕ್ಸ್ ದವಡೆಯನ್ನು ಮುಂದಕ್ಕೆ ಎಳೆಯುವ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಪಾರ್ಕಿನ್ಸನ್ಸ್‌ನಂತಹ ನರರೋಗದಿಂದ ಆ ಸ್ನಾಯು ತಾನಾಗಿ ಸೆಳೆಯುವವರಿಗೆ ಅದು ಹೆಚ್ಚು ಸೂಕ್ತ. ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುವುದರಿಂದ ಮತ್ತೆ ಕೊಡಬೇಕಾಗುತ್ತದೆ, ಖರ್ಚೂ ಹೆಚ್ಚು.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಸರ್, ನಮ್ಮ ಮಾವನವರಿಗೂ ಇದೇ ತೊಂದರೆ. ನಾವು ಹಳ್ಳಿಯಲ್ಲಿರುವವರು, ಆಸ್ಪತ್ರೆ ದೂರ. ರಾತ್ರಿ ಹೊತ್ತು ಜಾರಿದರೆ ಮನೆಯಲ್ಲಿಯೇ ಕೂರಿಸಬಹುದೇ?

ಉತ್ತರ:
ಹೆಬ್ಬೆರಳುಗಳನ್ನು ಕೆಳಗಿನ ದವಡೆ ಹಲ್ಲುಗಳ ಮೇಲಿಟ್ಟು, ಮೊದಲು ಕೆಳಕ್ಕೆ ಒತ್ತಿ ಅನಂತರ ಹಿಂದಕ್ಕೆ ತಳ್ಳುವ ಕ್ರಮ ಹಿಪಾಕ್ರಟಿಸ್‌ನ ಕಾಲದಿಂದಲೂ ಇದೆ. ನೋಡಲು ಸುಲಭವೆನಿಸಿದರೂ ಕಲಿಯದವರು ಮಾಡಬಾರದು. ದವಡೆ ಒಳಸೇರಿದ ಕ್ಷಣ ಬಾಯಿ ರಪ್ಪನೆ ಮುಚ್ಚಿ ಬೆರಳಿಗೆ ಕಚ್ಚುತ್ತದೆ, ವಯಸ್ಸಾದವರ ಮೂಳೆಗೂ ಅಪಾಯವಿದೆ. ಬಿದ್ದು ಪೆಟ್ಟಾಗಿ ಬಾಯಿ ಮುಚ್ಚದಿದ್ದರಂತೂ ಮುಟ್ಟಲೇಬೇಡಿ. ಗಲ್ಲಕ್ಕೆ ಬಟ್ಟೆಯ ಆಸರೆ ಕೊಟ್ಟು, ತಿನ್ನಲು ಕುಡಿಯಲು ಏನೂ ಕೊಡದೆ, ಬೆಳಗಾಗಲಿ ಎಂದು ಕಾಯದೆ ಹೊರಡಿ. ಗಂಟೆಗಳು ಕಳೆದಷ್ಟೂ ಸ್ನಾಯುಗಳು ಬಿಗಿದುಕೊಂಡು ಕೂರಿಸುವುದು ಕಷ್ಟವಾಗುತ್ತದೆ.

ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿಯಿಟ್ಟು ತಲೆ ತಗ್ಗಿಸುವ ಅಭ್ಯಾಸ ಮಾಡಿಸಿ. ತಜ್ಞರ ಬಳಿ ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂತಹ ಔಷಧಿಗಳಿಂದಲೂ ದವಡೆಯ ಸ್ನಾಯು ಸೆಳೆದು ಕೀಲು ಜಾರುವುದುಂಟು. ಕಾರಣ ಅದೇ ಆಗಿದ್ದರೆ, ಬರೆದುಕೊಟ್ಟ ವೈದ್ಯರು ಔಷಧಿಯನ್ನು ಬದಲಿಸುವುದೇ ಮೊದಲ ಚಿಕಿತ್ಸೆ.