ಬಾಕ್ಸಿಂಗ್‌ ಅನ್ನು ಟಿವಿಯವರು ಬಿಟ್ಟರು, ಯುಎಫ್‌ಸಿಗೆ ಮಾತ್ರ 770 ಕೋಟಿ ಡಾಲರ್ ಹೇಗೆ ಬಂತು?

ಭಾನುವಾರದ_ಫೈಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೂತು ಯುಎಫ್‌ಸಿ (ಬಾಕ್ಸಿಂಗ್, ಕುಸ್ತಿ ಎಲ್ಲಾ ಬೆರೆತ ಎಂಎಂಎ ಆಟ ನಡೆಸುವ ಅಮೆರಿಕದ ಕಂಪನಿ) ನೋಡುವವನು. ಅಮೆರಿಕದ ಶನಿವಾರ ರಾತ್ರಿ ನಮಗೆ ಭಾನುವಾರದ ತಿಂಡಿ ಹೊತ್ತು. ಏಳೂವರೆಗೆ ಮೇನ್ ಕಾರ್ಡ್, ಅಂದರೆ ಮುಖ್ಯ ಫೈಟುಗಳ ಸರಣಿ, ಶುರುವಾದರೆ ಹನ್ನೊಂದರ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ, ಆಮೇಲೆ ನೆಮ್ಮದಿಯಾಗಿ ಮಾರ್ಕೆಟ್ಟಿಗೆ ಹೋಗಬಹುದು. ನಮ್ಮಪ್ಪನಿಗೆ ಬಾಕ್ಸಿಂಗ್ ಅಂದರೆ ಪ್ರಾಣ. ಅವರ ಜೊತೆ ಕೂತಾಗ ಮಾತ್ರ ದೊಡ್ಡ ಫೈಟ್ ಎಷ್ಟು ಹೊತ್ತಿಗೆ ಅಂತ ಯಾರೂ ಹೇಳಲಾರರು. ಒಂದು ಫೈಟ್ ಮುಗಿಯಿತು ಅಂದರೆ ಮಾತು, ಜಾಹೀರಾತು, ಹಾಡು, ಮತ್ತೆ ಮಾತು. ಮುಖ್ಯ ಫೈಟಿಗೆ ಮುಂಚಿನವು ಹೆಚ್ಚಿನ ಸಲ ಒನ್‌ಸೈಡ್ ಇರುತ್ತವೆ.

2025ರ ಆಗಸ್ಟ್‌ನಲ್ಲಿ ಅಮೆರಿಕದ ಮಾಧ್ಯಮ ಕಂಪನಿ ಪ್ಯಾರಾಮೌಂಟ್‌ನವರು ಏಳು ವರ್ಷಕ್ಕೆ 770 ಕೋಟಿ ಡಾಲರ್ ಕೊಟ್ಟು ಯುಎಫ್‌ಸಿ ಪ್ರಸಾರದ ಹಕ್ಕು ತಗೊಂಡರು. ಇನ್ನೊಂದು ಕಡೆ ಅಲ್ಲಿನ ಟಿವಿ ಚಾನೆಲ್ ಎಚ್‌ಬಿಒ 2018ರ ಕೊನೆಗೆ ಬಾಕ್ಸಿಂಗ್ ಬಿಟ್ಟಿತು, 2023ರ ಕೊನೆಗೆ ಶೋಟೈಮ್ ಬಿಟ್ಟಿತು, 2025ರಲ್ಲಿ ಬಾಕ್ಸಿಂಗ್ ಫೈಟ್ ಏರ್ಪಡಿಸುವ ಪ್ರಮೋಟರ್ ಕಂಪನಿ ಟಾಪ್ ರ್‍ಯಾಂಕ್ ಜೊತೆಗಿನ ಇಎಸ್‌ಪಿಎನ್ ಒಪ್ಪಂದವೂ ಮುಗಿಯಿತು. ಎರಡೂ ಹೊಡೆದಾಟದ ಆಟವೇ ಅಲ್ವಾ? ಅಲಿ, ಟೈಸನ್ ಹೆಸರು ಹಳ್ಳಿಯಲ್ಲೂ ಗೊತ್ತು. ಹಾಗಿದ್ದೂ ಯಾಕೆ ಹೀಗಾಯಿತು? ನನಗೆ ಬೇಸರ ಆಗುವ ಆ ಎಳೆದಾಟಕ್ಕೂ ಟಿವಿ ದುಡ್ಡಿಗೂ ಏನಾದರೂ ಸಂಬಂಧ ಇದೆಯಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಓಬಿವ್ಯಾನ್

ಸಂಬಂಧ ಇದೆ, ಜಾಸ್ತಿನೇ ಇದೆ. ನಾನು ಲೈವ್ ಕ್ರೀಡಾ ಪ್ರಸಾರದಲ್ಲಿ ಕ್ಯಾಮೆರಾ, ಕೇಬಲ್ ಕೆಲಸ ಮಾಡುವವನು, ಕ್ರಿಕೆಟ್ಟು ಕಬಡ್ಡಿ ಎರಡೂ ನೋಡಿದ್ದೇನೆ. ನಮ್ಮ ಕಡೆಯಿಂದ ನೋಡಿದರೆ ಚಾನೆಲ್‌ನವರು ಕೊಳ್ಳುವುದು ದಿನಾಂಕವನ್ನು. ಆಟ ಆಮೇಲಿನ ಮಾತು. ಇಂತಿಂಥ ಶನಿವಾರ, ಇಷ್ಟು ಗಂಟೆ, ತಪ್ಪದೆ ಶೋ ಇರುತ್ತದೆ ಅಂದರೆ ಜಾಹೀರಾತು ಮೊದಲೇ ಮಾರಬಹುದು, ಚಂದಾದಾರ ಮುಂದಿನ ತಿಂಗಳು ಓಡಿಹೋಗುವುದಿಲ್ಲ. ಪ್ಯಾರಾಮೌಂಟ್‌ಗೆ ಯುಎಫ್‌ಸಿ ಮಾರಿದ್ದು ವರ್ಷಕ್ಕೆ 13 ನಂಬರ್ ಇರುವ ದೊಡ್ಡ ಕಾರ್ಯಕ್ರಮ, 30 ಫೈಟ್ ನೈಟ್ ಅನ್ನುವ ಚಿಕ್ಕ ಕಾರ್ಯಕ್ರಮ. ಒಟ್ಟು 43 ರಾತ್ರಿ. ಒಬ್ಬ ಚಾಂಪಿಯನ್‌ಗೆ ಮೂಗೇಟು ಆದರೆ ಇನ್ನೊಬ್ಬ ಬರುತ್ತಾನೆ, ರಾತ್ರಿ ಮಾತ್ರ ತಪ್ಪುವುದಿಲ್ಲ.

ಬಾಕ್ಸಿಂಗ್‌ನಲ್ಲಿ ಹಾಗೆ ಮಾರುವವರೇ ಇಲ್ಲ. ಒಬ್ಬ ಪ್ರಮೋಟರ್ ಕೈಯಲ್ಲಿ ಈ ಬಾಕ್ಸರ್, ಇನ್ನೊಬ್ಬನ ಕೈಯಲ್ಲಿ ಆ ಬಾಕ್ಸರ್, ಬೆಲ್ಟು ನಾಲ್ಕು ಸಂಸ್ಥೆಗಳ ಕೈಯಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಹಾಗಾಗಿ ಒಂದೊಂದೇ ಫೈಟ್ ಮಾರುತ್ತಾರೆ. ಇಲ್ಲಾ ಒಬ್ಬ ಮನುಷ್ಯನ ಮೇಲೆ ದುಡ್ಡು ಸುರಿಯುತ್ತಾರೆ. 2018ರಲ್ಲಿ ಸ್ಟ್ರೀಮಿಂಗ್ ಕಂಪನಿ ಡಜೋನ್‌ನವರು ಮೆಕ್ಸಿಕೊದ ಬಾಕ್ಸರ್ ಕ್ಯಾನೆಲೊ ಅಲ್ವಾರೆಜ್‌ಗೆ 11 ಫೈಟಿಗೆ 36.5 ಕೋಟಿ ಡಾಲರ್ ಅಂತ ಒಪ್ಪಿದರು. ಎರಡೇ ವರ್ಷಕ್ಕೆ ಕೋರ್ಟು ಮೆಟ್ಟಿಲು ಹತ್ತಿ ಒಪ್ಪಂದ ಮುರಿಯಿತು.

ಈಗ ನಿಮ್ಮ ಎಳೆದಾಟದ ವಿಷಯ. ಯುಎಫ್‌ಸಿ ತನ್ನ ಕಾರ್ಯಕ್ರಮವನ್ನು ತಾನೇ ಚಿತ್ರೀಕರಿಸುತ್ತದೆ. ನಿರ್ದೇಶಕ, ಕಾಮೆಂಟರಿ, ಗ್ರಾಫಿಕ್ಸ್ ಎಲ್ಲಾ ಅವರದೇ, ಚಾನೆಲ್‌ಗೆ ಹೋಗುವುದು ಸಿದ್ಧವಾದ ಫೀಡ್. 2007ರ ಸುಮಾರಿಗೆ ಎಚ್‌ಬಿಒ ಜೊತೆ ಮಾತುಕತೆ ನಡೆದಾಗ ಈ ಹಿಡಿತ ಬಿಡಲು ಒಪ್ಪದೇ ಅದು ಮುರಿದುಬಿತ್ತು. ಬಾಕ್ಸಿಂಗ್‌ನಲ್ಲಿ ಉಲ್ಟಾ. ಎಚ್‌ಬಿಒ ಕಾಲದಲ್ಲಿ ಕ್ಯಾಮೆರಾ ಅವರದು, ಕಾಮೆಂಟರಿಯ ಜಿಮ್ ಲ್ಯಾಂಪ್ಲಿ ದನಿ ಅವರದು, ಪರದೆ ಮೇಲೆ ಅಂಕ ಹೇಳುತ್ತಿದ್ದ ಹೆರಾಲ್ಡ್ ಲೆಡರ್‌ಮನ್ ಅವರವರು. ಚಾನೆಲ್ ಹೋದಾಗ ಆ ಇಡೀ ಗುಣಮಟ್ಟ ಅದರ ಜೊತೆಗೇ ಹೋಯಿತು. ಪ್ರಮೋಟರ್ ಹತ್ತಿರ ಉಳಿದದ್ದು ರಿಂಗು, ಹಗ್ಗ ಅಷ್ಟೇ.

ಇನ್ನೊಂದು ಕಾರಣ ಪೇ-ಪರ್-ವ್ಯೂ, ಅಂದರೆ ಒಂದೊಂದು ಕಾರ್ಯಕ್ರಮಕ್ಕೂ ಬೇರೆ ದುಡ್ಡು ಕೊಟ್ಟು ನೋಡುವುದು. ಕೊನೇ ಗಳಿಗೆಯಲ್ಲಿ ಕೊಳ್ಳುವವರು ತುಂಬಾ ಜನ, ಅವರಿಗಾಗಿ ಕಾಯುತ್ತಾರೆ. 2015ರ ಮೇ 2ರಂದು ಮೇವೆದರ್-ಪ್ಯಾಕ್ವಿಯಾವ್ ಫೈಟ್ ತಡವಾಗಿದ್ದೇ ಹೀಗೆ. ಕೇಬಲ್ ಕಂಪನಿಗಳಿಗೆ ಬಂದ ಆರ್ಡರ್ ತಡೆದುಕೊಳ್ಳಲು ಆಗಲಿಲ್ಲ, ಇಬ್ಬರು ಬಾಕ್ಸರ್‌ಗಳು ಒಳಗೆ ಕೂತು ಕಾದರು. 46 ಲಕ್ಷ ಮನೆಯವರು ಕೊಂಡರು, ಎಚ್‌ಡಿಗೆ ಸುಮಾರು 100 ಡಾಲರ್.

ಜರ್ಸಿಕನ್ನಡಿಗ

ಓಬಿವ್ಯಾನ್ ಸರ್ ಹೇಳಿದ್ದು ಸರಿ. ಆ 100 ಡಾಲರ್ ಕೊಟ್ಟವರಲ್ಲಿ ನಾವೂ ಇದ್ದೇವೆ. ಇಲ್ಲಿ ನಾಲ್ಕು ಕನ್ನಡ ಮನೆಯವರು ಸೇರಿ ಒಬ್ಬರ ಮನೆಯಲ್ಲಿ ನೋಡಿದೆವು, ಮಕ್ಕಳು ಸೋಫಾ ಮೇಲೆ ನಿದ್ದೆ ಹೋಗಿದ್ದರು, ಹನ್ನೆರಡು ರೌಂಡ್ ಆದಮೇಲೆ ಯಾರಿಗೂ ಮಾತಾಡಲು ಮನಸ್ಸಿರಲಿಲ್ಲ. ಅಷ್ಟು ದುಡ್ಡು ಕೊಟ್ಟು ಆ ಫೈಟಾ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯುಎಫ್‌ಸಿ ಕೂಡ ನಮ್ಮನ್ನು ಬಿಡಲಿಲ್ಲ. 2019ರಲ್ಲಿ ಇಎಸ್‌ಪಿಎನ್ ಪ್ಲಸ್‌ಗೆ ಹೋದಾಗ ಒಂದು ಪೇ-ಪರ್-ವ್ಯೂ 59.99 ಡಾಲರ್ ಇತ್ತು, 2023ಕ್ಕೆ 79.99 ಆಯಿತು. ಅದರ ಮೇಲೆ ತಿಂಗಳ ಚಂದಾ ಬೇರೆ, ಚಂದಾ ಇಲ್ಲದೆ ಕೊಳ್ಳಲೂ ಬಿಡುತ್ತಿರಲಿಲ್ಲ. ವರ್ಷಕ್ಕೆ ಹನ್ನೆರಡು ಹದಿಮೂರು ಸಲ ಅಂದರೆ ಲೆಕ್ಕ ಹಾಕಿ. ಈಗ ಪ್ಯಾರಾಮೌಂಟ್ ಪ್ಲಸ್ ಚಂದಾ ಇದ್ದರೆ ಅಮೆರಿಕದಲ್ಲಿ ಎಲ್ಲಾ ಸೇರಿಯೇ ಬರುತ್ತದೆ. 2026ರ ಜನವರಿ 24ರಂದು ಯುಎಫ್‌ಸಿ 324, ಮೊದಲ ರಾತ್ರಿ, ನನ್ನ ಮಗಳು ಪಕ್ಕದಲ್ಲಿ ಕೂತು ನೋಡಿದಳು. ಹಿಂದೆ ಅವಳಿಗೆ ಇದು ಅಪ್ಪನ ದುಬಾರಿ ಚಟ ಅಷ್ಟೇ ಆಗಿತ್ತು. ಹೊಸ ಜನ ಬರುವುದು ಹೀಗೆ. ಬಾಕ್ಸಿಂಗ್ ಕಳಕೊಂಡದ್ದು ಇದನ್ನೇ, ದೊಡ್ಡ ಫೈಟುಗಳನ್ನೆಲ್ಲಾ ದುಡ್ಡಿನ ಗೋಡೆ ಹಿಂದೆ ಬಚ್ಚಿಟ್ಟರೆ ಮುಂದಿನ ತಲೆಮಾರಿಗೆ ಬಾಕ್ಸರ್‌ನ ಮುಖವೇ ಗೊತ್ತಾಗುವುದಿಲ್ಲ.

ಎಡಗೈ_ಜ್ಯಾಬ್

ಎಲ್ಲರೂ ಯುಎಫ್‌ಸಿಯನ್ನು ಹೊಗಳುತ್ತಿದ್ದೀರಿ, ಸ್ವಲ್ಪ ನಿಲ್ಲಿ. ನಾನು ಮೈಸೂರಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ಆ 770 ಕೋಟಿಯಲ್ಲಿ ಹೊಡೆಸಿಕೊಳ್ಳುವವನಿಗೆ ಎಷ್ಟು ಸಿಗುತ್ತದೆ ಅಂತ ಯಾರೂ ಕೇಳಲಿಲ್ಲ. ಹಳೆಯ ಫೈಟರ್‌ಗಳು ಯುಎಫ್‌ಸಿ ಮೇಲೆ ಹಾಕಿದ ಕೇಸಿನಲ್ಲಿ ಕಂಪನಿಯ ಲೆಕ್ಕ ಹೊರಗೆ ಬಂತು, ಆದಾಯದಲ್ಲಿ ಫೈಟರ್‌ಗಳ ಪಾಲು ಐದರಲ್ಲಿ ಒಂದರ ಆಸುಪಾಸು. ಕೊನೆಗೆ 37.5 ಕೋಟಿ ಡಾಲರ್‌ಗೆ ರಾಜಿ ಆಯಿತು, 2025ರಲ್ಲಿ ಕೋರ್ಟು ಒಪ್ಪಿತು. ದೊಡ್ಡ ಬಾಕ್ಸಿಂಗ್ ಫೈಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಕ್ಸರ್‌ಗಳಿಗೇ ಹೋಗುತ್ತದೆ. ಭಾನುವಾರದವರೇ, ಮುಂಚಿನ ಫೈಟುಗಳು ಸಪ್ಪೆ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಮೇಲಿನ ಇಬ್ಬರು ದುಡ್ಡು ತಗೊಂಡ ಮೇಲೆ ಕೆಳಗಿನವರಿಗೆ ಉಳಿಯುವುದು ಕಡಿಮೆ.

ಅಮೆರಿಕದಲ್ಲಿ 2000ರಲ್ಲಿ ಬಂದ ಮುಹಮ್ಮದ್ ಅಲಿ ಕಾಯ್ದೆ ಇದೆ. ಪ್ರಮೋಟರ್ ಆದವನು ಬಾಕ್ಸರ್‌ನ ಮ್ಯಾನೇಜರ್ ಆಗುವಂತಿಲ್ಲ, ಫೈಟಿನಿಂದ ಎಷ್ಟು ಬಂತು ಅಂತ ಬಾಕ್ಸರ್‌ಗೆ ಹೇಳಬೇಕು. ಎಂಎಂಎಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಓಬಿವ್ಯಾನ್ ಅವರು ಹೇಳಿದ ಆ 43 ರಾತ್ರಿಗಳ ಅಚ್ಚುಕಟ್ಟು ಇದೆಯಲ್ಲ, ಅದು ಫೈಟರ್‌ಗೆ ಬೇರೆ ದಾರಿ ಇಲ್ಲದ್ದರಿಂದ ಬಂದದ್ದು. ಈಗ ಯುಎಫ್‌ಸಿಯ ಮಾಲೀಕ ಟಿಕೆಒ ಕಂಪನಿ ಬಾಕ್ಸಿಂಗ್‌ಗೂ ಕಾಲಿಟ್ಟಿದೆ, ಜುಫಾ ಬಾಕ್ಸಿಂಗ್ ಅಂತ, ಅದೂ ಪ್ಯಾರಾಮೌಂಟ್‌ನಲ್ಲೇ. ಅಲಿ ಕಾಯ್ದೆ ಬದಲಿಸುವ ಮಸೂದೆಯೂ 2025ರಲ್ಲಿ ಅಮೆರಿಕದ ಸಂಸತ್ತಿಗೆ ಬಂದಿದೆ. ನನಗೆ ಇದರಿಂದ ನಿಜಕ್ಕೂ ಭಯ ಇದೆ. ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿಯಲಿ ಅಂತ ನಾವು ಕೇಳುವುದು ತಪ್ಪಲ್ಲ, ಅದಕ್ಕೆ ಹುಡುಗರ ಹೊಟ್ಟೆ ಮೇಲೆ ಹೊಡೆಯಬಾರದು ಅಷ್ಟೇ.

ಮತ್ತೆ ಬಾಕ್ಸಿಂಗ್ ಸತ್ತಿಲ್ಲ. 2025ರ ಸೆಪ್ಟೆಂಬರ್ 13ರಂದು ಕ್ಯಾನೆಲೊ-ಕ್ರಾಫರ್ಡ್ ಫೈಟನ್ನು ನೆಟ್‌ಫ್ಲಿಕ್ಸ್ ಬೇರೆ ದುಡ್ಡು ಕೇಳದೆ ತೋರಿಸಿತು, 4.1 ಕೋಟಿ ಜನ ನೋಡಿದರು ಅಂತ ಅವರೇ ಹೇಳಿದರು. ಅದಕ್ಕೂ ಮುಂಚೆ 2024ರ ನವೆಂಬರ್‌ನಲ್ಲಿ ಟೈಸನ್-ಜೇಕ್ ಪಾಲ್ ರಾತ್ರಿ ನಮ್ಮ ದೇಶದ ನೀರಜ್ ಗೋಯತ್ ಅದೇ ಕಾರ್ಡಿನಲ್ಲಿ ಇಳಿದು ಗೆದ್ದರು. ಬಫರ್ ಆಗಿ ಆಗಿ ಚಿತ್ರ ನಿಲ್ಲುತ್ತಿತ್ತು, ಆದರೂ ನಮ್ಮ ಹುಡುಗರು ಎಲ್ಲಾ ಒಂದೇ ಮೊಬೈಲ್ ಸುತ್ತ ಕೂತು ಕಿರುಚಿದರು.

ಭಾನುವಾರದ_ಫೈಟು

ಎಡಗೈ ಅಣ್ಣ, ಪಾಲಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಒಂದು ಅನುಮಾನ ಉಳಿಯಿತು. ದುಡ್ಡು ಬಂದರೆ ಕಾರ್ಯಕ್ರಮ ಚೆನ್ನಾಗಿ ಕಾಣುತ್ತದಾ? ಲೈಟು, ಹಾಡು, ಎಂಟ್ರಿ ಇವೆಲ್ಲ ನೋಡುವವನಿಗೆ ನಿಜಕ್ಕೂ ಮುಖ್ಯನಾ?

ಸೈತಾಮಾ_ಸೀಟು

ಮುಖ್ಯ. ಆದರೆ ಫೈಟಿಗೆ ಹೊಂದಬೇಕು. ಜಪಾನಿನ ಎಂಎಂಎ ಕಂಪನಿ ಪ್ರೈಡ್ ಗೊತ್ತಾ? ಸೈತಾಮಾ ಸೂಪರ್ ಅರೆನಾದಲ್ಲಿ ಡೊಳ್ಳಿನಂಥ ದೊಡ್ಡ ತೈಕೊ ಬಾರಿಸುತ್ತಾ ಇಡೀ ರಾತ್ರಿಯ ಫೈಟರ್‌ಗಳನ್ನೆಲ್ಲ ಮೊದಲೇ ವೇದಿಕೆ ಮೇಲೆ ನಿಲ್ಲಿಸಿ ಹೆಸರು ಕೂಗುತ್ತಿದ್ದರು. ಆಮೇಲೆ ಫೈಟ್ ನಡೆಯುವಾಗ ಸಾವಿರಾರು ಜನ ಉಸಿರು ಬಿಗಿಹಿಡಿದು ಸುಮ್ಮನೆ ಕೂರುವರು, ಒಳ್ಳೆ ಪಟ್ಟು ಬಿದ್ದಾಗ ಮಾತ್ರ ಚಪ್ಪಾಳೆ. ಅಷ್ಟು ಚೆಂದದ ಪ್ರದರ್ಶನ ನಾನು ಮತ್ತೆ ನೋಡಿಲ್ಲ. 2006ರ ಜೂನ್‌ನಲ್ಲಿ ಫುಜಿ ಟಿವಿ ಒಪ್ಪಂದ ರದ್ದು ಮಾಡಿತು, ಮುಂದಿನ ವರ್ಷ ಪ್ರೈಡ್ ಅನ್ನು ಯುಎಫ್‌ಸಿ ಮಾಲೀಕರೇ ಕೊಂಡರು. ಒಂದು ಟಿವಿ ಒಪ್ಪಂದ ಹೋಯಿತು, ಅಷ್ಟೇ, ಮನೆಯೇ ಬಿತ್ತು.

ಇತ್ತೀಚಿನದಕ್ಕೆ ಬಂದರೆ 2024ರ ಸೆಪ್ಟೆಂಬರ್‌ನಲ್ಲಿ ಯುಎಫ್‌ಸಿ 306 ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ಆಯಿತು. ಫೈಟ್‌ಗಳ ನಡುವೆ ಆ ಗೋಳದ ಪರದೆ ತುಂಬಾ ಮೆಕ್ಸಿಕೊ ಇತಿಹಾಸದ ಕಿರುಚಿತ್ರಗಳು, ಸುಮಾರು 2 ಕೋಟಿ ಡಾಲರ್ ಖರ್ಚು. ಫೈಟ್ ಶುರುವಾದಾಗ ಕಣ್ಣು ಆಕ್ಟಗನ್ (ಯುಎಫ್‌ಸಿಯ ಎಂಟು ಮೂಲೆಯ ಅಂಕಣ) ಮೇಲೇ ಇತ್ತು. ಅದೇ 2025ರ ಮೇ 2ರಂದು ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ರಿಂಗ್ ಹಾಕಿದ ಬಾಕ್ಸಿಂಗ್ ರಾತ್ರಿ ನೋಡಿ. ಹಿಂದೆ ಝಗಮಗ ದೀಪ, ಆದರೆ ಕಿರುಚುವ ಜನಸಾಗರ ಇಲ್ಲ, ರಯಾನ್ ಗಾರ್ಸಿಯಾ ಮಂಕಾಗಿ ಸೋತ, ಹೇನಿ-ರಾಮಿರೆಜ್ ಫೈಟಿನಲ್ಲಿ ಪಂಚ್ ಎಣಿಸಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು.

ಓಬಿವ್ಯಾನ್

ಎಡಗೈ ಅವರ ಮಾತು ಒಪ್ಪಿದೆ. ಕ್ಯಾಮೆರಾ ಯಾರ ಕೈಯಲ್ಲಿ ಅಂತ ನಾನು ಹೇಳಿದೆ, ದುಡ್ಡಿನ ಚೀಲ ಯಾರ ಕೈಯಲ್ಲಿ ಅಂತ ಅವರು ಹೇಳಿದರು. ಎರಡೂ ಒಂದೇ ಕೈಗೆ ಹೋದರೆ ಮುಂದೆ ಕಷ್ಟ.

ಭಾನುವಾರದವರೇ, ಹೊತ್ತಿನ ವಿಷಯದಲ್ಲಿ ನಿಮ್ಮಪ್ಪನಿಗೆ ಒಂದು ಹೇಳಿ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ-ಫೋರ್ಮನ್ ಫೈಟ್ ನಡೆದದ್ದು ಅಲ್ಲಿನ ಬೆಳಗಿನ ಜಾವ ನಾಲ್ಕಕ್ಕೆ. ಅಮೆರಿಕದ ಥಿಯೇಟರ್‌ಗಳಲ್ಲಿ ರಾತ್ರಿ ಹತ್ತಕ್ಕೆ ಪರದೆ ಮೇಲೆ ಬರಲಿ ಅಂತ. ಆಗಲೂ ಗಡಿಯಾರ ಟಿವಿಯವರದೇ.

ಭಾನುವಾರದ_ಫೈಟು

ಅಪ್ಪನಿಗೆ ಓದಿ ಹೇಳಿದೆ. ಆ ಫೈಟಿನ ಸುದ್ದಿ ಅವರಿಗೆ ಮಾರನೇ ದಿನದ ಪೇಪರ್‌ನಲ್ಲಿ ಸಿಕ್ಕಿತ್ತಂತೆ. ಇನ್ನು ಕೊನೆಯದಾಗಿ, ನಮ್ಮವರ ಫೈಟ್ ಯುಎಫ್‌ಸಿಯಲ್ಲಿ ನನಗೆ ಸಿಗುವುದೇ ಇಲ್ಲವಲ್ಲ, ಯಾಕೆ?

ಎಡಗೈ_ಜ್ಯಾಬ್

ನೀವು ಏಳೂವರೆಗೆ ಟಿವಿ ಹಾಕುತ್ತೀರಿ, ಅದಕ್ಕೇ. ನಮ್ಮವರು ಹೆಚ್ಚಾಗಿ ಪ್ರಿಲಿಮ್ಸ್‌ನಲ್ಲಿ ಇರುತ್ತಾರೆ, ಅದು ಮೇನ್ ಕಾರ್ಡಿಗೆ ಮುಂಚೆಯೇ ಮುಗಿಯುತ್ತದೆ. ಪೂಜಾ ತೋಮರ್ 2024ರ ಜೂನ್‌ನಲ್ಲಿ ಲೂಯಿವಿಲ್‌ನಲ್ಲಿ ಗೆದ್ದಾಗ, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು ಆಕೆ, ನಾವು ನಸುಕಿಗೆ ಎದ್ದು ನೋಡಿದ್ದು. ಅಂಥ ದಿನ ನಾಲ್ಕೂವರೆಗೇ ಅಲಾರಂ ಇಡಿ, ಅಪ್ಪನನ್ನೂ ಎಬ್ಬಿಸಿ.